ಸಿಎಸ್‌ಆರ್ ಫಂಡ್ ಕೊಡಿಸ್ತೀನಿ ಅಂತ ಯಾರಾದ್ರೂ "ಫೈಲ್ ಚಾರ್ಜ್" ಕೇಳಿದ್ರೆ ದುಡ್ಡು ಹಾಕೋಕೆ ಮುಂಚೆ ಇದನ್ನ ಓದಿ

ಸಣ್ಣ ಟ್ರಸ್ಟು, ಮಹಿಳಾ ಸಂಘ, ಯುವಕ ಮಂಡಳಿ ನಡೆಸ್ತಿರೋರಿಗೆ ಇದು. ಸಿಎಸ್‌ಆರ್ ಅಂದ್ರೆ ಕಂಪನಿಗಳು ಸಮಾಜದ ಕೆಲ್ಸಕ್ಕೆ ಅಂತ ಖರ್ಚು ಮಾಡೋ ದುಡ್ಡು. ಬರೀಲೋ ಬೇಡ್ವೋ ಅಂತ ಎಂಟು ತಿಂಗಳಿಂದ ಒದ್ದಾಡ್ತಿದ್ದೆ, ಯಾಕಂದ್ರೆ ಮೂವತ್ತೊಂದು ವರ್ಷ ಹೈಸ್ಕೂಲಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ರಿಟೈರ್ ಆದೋಳು ನಾನು, ಟ್ರಸ್ಟಿಗೆ ಖಜಾಂಚಿ ಬೇರೆ, ಅಂಥೋಳು 1,39,800 ರೂಪಾಯಿ ಟೋಪಿ ಹಾಕಿಸ್ಕೊಂಡೆ ಅಂತ ಊರ ಮುಂದೆ ಹೇಳ್ಕೊಳ್ಳೋಕೆ ಬಾಯಿ ಬರಲ್ಲ. ಆದ್ರೆ ಹೋದ ತಿಂಗಳು ಪಕ್ಕದ ತಾಲೂಕಿನ ಒಂದು ಮಹಿಳಾ ಸಂಘದೋರು ಫೋನ್ ಮಾಡಿ "ಅಕ್ಕೋರೇ, ನಮಗೆ ನಲವತ್ತು ಲಕ್ಷ ಸ್ಯಾಂಕ್ಷನ್ ಆಗಿದೆ, ನಿಮಗೆ ಈ ವಿಷ್ಯ ಎಲ್ಲ ಗೊತ್ತಲ್ಲ, ಒಂಚೂರು ನೋಡ್ಕೊಡಿ" ಅಂತ ಪಿಡಿಎಫ್ ಕಳಿಸಿದ್ರು. ತೆಗೆದು ನೋಡಿದ್ರೆ ಅದೇ ಲೆಟರ್! ಕಂಪನಿ ಹೆಸರು ಮಾತ್ರ ಬೇರೆ. ನಮ್ಮ ಲೆಟರಲ್ಲಿ ಬೆನಿಫಿಶಿಯರಿ ಅನ್ನೋ ಪದದಲ್ಲಿ ಒಂದು ಅಕ್ಷರ ತಪ್ಪಿತ್ತು, ಅದೂ ಹಂಗೇ ಇದೆ. ಇನ್ನು ಸುಮ್ನೆ ಕೂತ್ರೆ ತಪ್ಪಾಗತ್ತೆ ಅನ್ನಿಸ್ತು.

ಮೊದ್ಲು ನಾವು ಯಾರು ಅಂತ ಹೇಳ್ತೀನಿ. ಮಲೆನಾಡಿನ ಒಂದು ಮೂಲೆಲಿ ಏಳು ಜನ ಸೇರ್ಕೊಂಡು 2022ರಲ್ಲಿ ರಿಜಿಸ್ಟರ್ ಮಾಡಿದ ಟ್ರಸ್ಟು ನಮ್ದು. ಕೆಲ್ಸ ಏನಂದ್ರೆ ಮಂಗನ ಕಾಯಿಲೆ, ಅಂದ್ರೆ ಕಾಡಿನ ಉಣುಗು ಕಚ್ಚಿ ಬರೋ ಜ್ವರದ ಬಗ್ಗೆ ಜನಕ್ಕೆ ತಿಳಿಸೋದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾದ ಕಾಯಿಲೆ ಇದು, ಇವತ್ತಿಗೂ ಡಿಸೆಂಬರ್ ಬಂತು ಅಂದ್ರೆ ನಮ್ಮ ಕಡೆ ಎದೆ ಡವಡವ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆ ಇದ್ರಿಂದ ಜನ ಸತ್ತಿದ್ದು ಯಾರೂ ಮರ್ತಿಲ್ಲ. ಹಳೇ ಲಸಿಕೆ ಕೊಡೋದು 2022ರಲ್ಲಿ ನಿಂತೋಯ್ತು, ಹಂಗಾಗಿ ಉಳಿದಿರೋದು ಹುಷಾರಾಗಿರೋದೊಂದೇ. ಸೊಪ್ಪಿನಬೆಟ್ಟಕ್ಕೆ ಹೋಗೋಕೆ ಮುಂಚೆ ಉಣುಗು ಹತ್ತದಂಗೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಕೊಳಿ, ಬಂದ ಕೂಡ್ಲೆ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ, ಮಂಗ ಸತ್ತು ಬಿದ್ದಿದ್ರೆ ಹತ್ರ ಹೋಗ್ಬೇಡಿ ಆಸ್ಪತ್ರೆಗೆ ತಿಳಿಸಿ, ಜ್ವರ ಬಂದ್ರೆ ಮಾತ್ರೆ ನುಂಗಿ ಮಲ್ಕೋಬೇಡಿ ರಕ್ತ ಟೆಸ್ಟ್ ಮಾಡ್ಸಿ, ಇಷ್ಟೇ ನಾವು ಹೇಳೋದು. ಕೇಳೋಕೆ ಸುಲಭ, ಆದ್ರೆ ತರಗೆಲೆ ಗುಡಿಸಿ ಕೊಟ್ಟಿಗೆಗೆ ಹಾಕೋ ಹೆಂಗಸ್ರಿಗೆ ಒಂದ್ಸಲ ಹೇಳಿದ್ರೆ ಆಗಲ್ಲ, ಪ್ರತಿ ವರ್ಷ ಮನೆ ಮನೆಗೆ ಹೋಗ್ಬೇಕು. ಆ ಎಣ್ಣೆ ವಾಸನೆಗೆ ಮೂಗು ಮುರಿಯೋರೇ ಜಾಸ್ತಿ.

22 ಹಳ್ಳಿಗೆ ಬೀದಿ ನಾಟಕ, ಶಾಲೆ ಕಾರ್ಯಕ್ರಮ, ಮೈಕ್ ಪ್ರಚಾರ, ಕರಪತ್ರ ಎಲ್ಲ ಸೇರಿ ನಾನೇ ಕೂತು ಬಜೆಟ್ ಹಾಕಿದ್ದೆ, 4 ಲಕ್ಷ 80 ಸಾವಿರ. ನಮ್ಮ ಹತ್ರ ಇದ್ದಿದ್ದು 62 ಸಾವಿರ. ಇದಕ್ಕೆ ಎಲ್ಲಾದ್ರೂ ಗ್ರಾಂಟ್ ಸಿಗತ್ತಾ ಅಂತ 2024ರ ಆಗಸ್ಟಲ್ಲಿ ಒಂದು ಎನ್‌ಜಿಒ ವಾಟ್ಸಪ್ ಗ್ರೂಪಲ್ಲಿ ಕೇಳ್ದೆ ನೋಡಿ, ಅರ್ಧ ಗಂಟೇಲಿ ಬಂತು ಫೋನ್.

ಬೆಂಗಳೂರಿನ ಸಿಎಸ್‌ಆರ್ ಕನ್ಸಲ್ಟೆಂಟ್ ಅಂತೆ. ಮಾತು ಬೆಣ್ಣೆ. ಅವ್ನು ಹೇಳಿದ್ರಲ್ಲಿ ಮುಕ್ಕಾಲು ಭಾಗ ನಿಜಾನೇ, ಅದೇ ಕಷ್ಟ. ಕಂಪನಿ ಕಾಯ್ದೆ 2013ರ ಸೆಕ್ಷನ್ 135, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲು ಸಮಾಜಕ್ಕೆ ಖರ್ಚು ಮಾಡ್ಲೇಬೇಕು, ಆರೋಗ್ಯ, ರೋಗ ತಡೆ, ಶಿಕ್ಷಣ ಎಲ್ಲ ಅದ್ರಲ್ಲಿ ಬರತ್ತೆ, ಇದೆಲ್ಲ ಸರಿ. ಆಮೇಲೆ ಕೇಳ್ದ, "ಮೇಡಂ ನಿಮ್ಮ ಬಜೆಟ್ ಎಷ್ಟು?" ಹೇಳ್ದೆ. ನಕ್ಕ. "ಐದು ಲಕ್ಷದ ಪ್ರಾಜೆಕ್ಟ್ ಯಾವ ಕಂಪನಿಯೋರೂ ಮುಟ್ಟಲ್ಲ ಮೇಡಂ, ಒಂದು ಸೊನ್ನೆ ಸೇರ್ಸಿ."

ಸೇರಿಸಿದ್ವಿ. ಇದನ್ನ ಬರೀವಾಗ್ಲೇ ನನಗೆ ಹೊಟ್ಟೆ ತೊಳಸ್ತಿದೆ. 22 ಹಳ್ಳಿ ಹಂಗೇ ಇತ್ತು, ಜನ ಹಂಗೇ ಇದ್ರು, ಖರ್ಚು ಮಾತ್ರ 48 ಲಕ್ಷ ಆಯ್ತು. ಎಲ್‌ಇಡಿ ಪರದೆ ಇರೋ ವ್ಯಾನು, ಮಂತ್ರಿಗಳನ್ನ ಕರೆಸಿ ಸಮಾವೇಶ, ಒಂದು ಮ್ಯಾರಥಾನ್ ಓಟ ಬೇರೆ. ಉಣುಗು ಕಚ್ಚದಂಗೆ ಹುಷಾರಾಗಿರಿ ಅಂತ ಹೇಳೋಕೆ ಮ್ಯಾರಥಾನ್ ಯಾಕ್ರೀ ಅಂತ ನಮ್ಮ ಅಧ್ಯಕ್ಷರು ಕೇಳಿದ್ರು, "ಕಂಪನಿಗೆ ವಿಸಿಬಿಲಿಟಿ ಬೇಕು ಸರ್" ಅಂದ. ಆಮೇಲೆ ಗೊತ್ತಾಯ್ತು, ಮ್ಯಾರಥಾನ್ ಥರದ ಒಂದು ದಿನದ ಕಾರ್ಯಕ್ರಮಗಳು ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ ಅಂತ ಕೇಂದ್ರದ ಕಂಪನಿ ವ್ಯವಹಾರ ಇಲಾಖೆ 2014ರ ಜೂನಲ್ಲೇ ಸುತ್ತೋಲೆ ಹೊರಡಿಸಿದೆ. ಈ ಕೆಲ್ಸಾನೇ ಮಾಡೋ ಮನುಷ್ಯನಿಗೆ ಅದು ಗೊತ್ತಿಲ್ದೆ ಇರತ್ತಾ?

ದುಡ್ಡು ಹೋಗಿದ್ದು ನಾಲ್ಕು ಕಂತಲ್ಲಿ. ಮೊದಲು ಫೈಲ್ ಚಾರ್ಜ್ 10,000, ಅದ್ರ ಮೇಲೆ ಜಿಎಸ್‌ಟಿ 1,800. ಜಿಎಸ್‌ಟಿ ಹಾಕಿ ರಸೀದಿ ಕೊಟ್ಟ ತಕ್ಷಣ ಇವ್ನು ಸಾಚಾ ಅಂತ ನಾವು ನಂಬಿಬಿಟ್ವಿ. ಜಿಎಸ್‌ಟಿ ಪೋರ್ಟಲಲ್ಲಿ ಯಾರು ಬೇಕಾದ್ರೂ ನಂಬರ್ ಹಾಕಿ ಯಾರ್ದು ಅಂತ ನೋಡಬಹುದು, ಎಲ್ಲ ಮುಗಿದ್ಮೇಲೆ ನೋಡಿದ್ರೆ ಅದು ಯಾವ್ದೋ ಟೈಲ್ಸ್ ಅಂಗಡಿ ನಂಬರು. ಎರಡನೇದು ಪ್ರಾಜೆಕ್ಟ್ ರಿಪೋರ್ಟ್ ಮಾಡೋಕೆ 35,000. ಬಂದ ರಿಪೋರ್ಟಲ್ಲಿ ಒಂದು ಕಡೆ "ಕರಾವಳಿಯ ಮೀನುಗಾರ ಕುಟುಂಬಗಳು" ಅಂತ ಇತ್ತು, ನಮ್ಮೂರಲ್ಲಿ ಸಮುದ್ರ ಎಲ್ಲಿಂದ ಬಂತು? ಕೇಳಿದ್ರೆ ಟೈಪಿಂಗ್ ಮಿಸ್ಟೇಕ್ ಅಂದ. ಮೂರನೇದು ಡಾಕ್ಯುಮೆಂಟ್ ಪ್ಯಾಕೇಜ್ 45,000, ಅಂದ್ರೆ ದರ್ಪಣ್ ನಂಬರ್, ಸಿಎಸ್‌ಆರ್-1, ದಾನ ಕೊಟ್ಟೋರಿಗೆ ಟ್ಯಾಕ್ಸ್ ರಿಯಾಯ್ತಿ ಸಿಗೋ 80ಜಿ ಎಲ್ಲ ಅವ್ನೇ ಮಾಡಿಸೋದು.

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಸುಮಾರು ಜನ ಬೀಳೋದು ಇಲ್ಲೇ. ನೀತಿ ಆಯೋಗದ ಎನ್‌ಜಿಒ ದರ್ಪಣ್ ನೋಂದಣಿಗೆ ಒಂದ್ ರೂಪಾಯೂ ಕಟ್ಟಬೇಕಾಗಿಲ್ಲ, ನಾವೇ ಕೂತು ಮಾಡ್ಕೋಬಹುದು. ಸಿಎಸ್‌ಆರ್-1 ಅನ್ನೋ ಫಾರಂ ಸಿಎಸ್‌ಆರ್ ದುಡ್ಡಲ್ಲಿ ಕೆಲ್ಸ ಮಾಡೋ ಸಂಸ್ಥೆಗಳಿಗೆ 2021ರ ಏಪ್ರಿಲ್ 1ರಿಂದ ಕಡ್ಡಾಯ, ಅದಕ್ಕೂ ಸರ್ಕಾರಿ ಫೀಸ್ ಇಲ್ಲ. ಆದ್ರೆ ಟ್ರಸ್ಟಿನ ಕಡೆಯಿಂದ ಒಬ್ರ ಡಿಜಿಟಲ್ ಸಿಗ್ನೇಚರ್ ಬೇಕು, ಜೊತೆಗೆ ಸಿಎ ಥರದೋರು ಒಬ್ರು ಸರ್ಟಿಫೈ ಮಾಡ್ಬೇಕು, ಆಮೇಲೇನೇ ಸಿಎಸ್‌ಆರ್ ಅಂತ ಶುರುವಾಗೋ ನಂಬರ್ ಬರೋದು. ನಮ್ಮಲ್ಲಿ ಯಾರ ಡಿಜಿಟಲ್ ಸಿಗ್ನೇಚರೂ ಇರ್ಲಿಲ್ಲ! ಆದ್ರೂ ಅವ್ನು "ಆಯ್ತು ಮೇಡಂ" ಅಂತ ಒಂದು ನಂಬರ್ ಕಳಿಸ್ದ, ನಾವೂ ಖುಷಿಯಾಗಿ ಲೆಟರ್‌ಹೆಡ್ ಮೇಲೆ ಪ್ರಿಂಟ್ ಹಾಕಿಸ್ಕೊಂಡ್ವಿ. ದರ್ಪಣ್ ನಂಬರ್ ಮಾತ್ರ ನಿಜವಾಗ್ಲೂ ಮಾಡಿಸಿಕೊಟ್ಟಿದ್ದ, ವೆಬ್‌ಸೈಟಲ್ಲಿ ನಮ್ಮ ಟ್ರಸ್ಟ್ ಹೆಸರು ನೋಡಿ ಮಿಕ್ಕಿದ್ದೂ ಸರಿ ಇರತ್ತೆ ಅಂದ್ಕೊಂಡ್ವಿ.

ಎಲ್ಲಕ್ಕಿಂತ ದೊಡ್ಡ ವಿಷ್ಯ ಅವ್ನು ಹೇಳ್ಲೇ ಇಲ್ಲ. ಹೊರಗಿನ ಟ್ರಸ್ಟ್ ಮೂಲಕ ಕಂಪನಿಯೋರು ಸಿಎಸ್‌ಆರ್ ಕೆಲ್ಸ ಮಾಡಿಸ್ಬೇಕಂದ್ರೆ ಆ ಟ್ರಸ್ಟಿಗೆ ಅಂಥದ್ದೇ ಕೆಲ್ಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರ್ಬೇಕು ಅಂತ ನಿಯಮ ಇದೆ. ನಮಗೆ ಆಗ ಎರಡು ವರ್ಷ. ಅಂದ್ರೆ ನಮಗೆ ಆ ದುಡ್ಡು ಬರೋಕೆ ಸಾಧ್ಯಾನೇ ಇರ್ಲಿಲ್ಲ, ಮೊದಲನೇ ದಿನಾನೇ. "ಹಳೇ ಫೋಟೋ ಇದ್ರೆ ಕಳ್ಸಿ ಮೇಡಂ" ಅಂತ ಯಾಕೆ ಕೇಳ್ತಿದ್ದ ಅಂತ ಈಗ ಅರ್ಥ ಆಗ್ತಿದೆ.

ನವೆಂಬರಲ್ಲಿ "ಕಂಪನಿ ಟೀಮ್" ವಿಸಿಟ್ಟಿಗೆ ಬಂತು, ಇನ್ನೋವಾದಲ್ಲಿ ಮೂರು ಜನ. ಕಾರ್ ಬಾಡಿಗೆ ನಮ್ದೇ, ಅದನ್ನ ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ. ನಮ್ಮ ಅಧ್ಯಕ್ಷರ ಮನೇಲಿ ಊಟ, ಹೋಗ್ತಾ ಕೈಗೊಂದು ತೊಡದೇವಿನ ಪೊಟ್ಟಣ. ಶಾಲೆ ಮಕ್ಕಳನ್ನ ಬ್ಯಾನರ್ ಮುಂದೆ ನಿಲ್ಸಿ ಫೋಟೋ ತೆಗೆದ್ರು. ಆ ಫೋಟೋ ಈಗ ಎಲ್ಲೆಲ್ಲಿ ಯಾರ್ಯಾರಿಗೆ ತೋರಿಸ್ತಿದಾರೋ ದೇವ್ರಿಗೇ ಗೊತ್ತು, ನನಗೆ ದುಡ್ಡಿಗಿಂತ ಜಾಸ್ತಿ ಸಂಕಟ ಆಗೋದು ಅದಕ್ಕೆ. ಹತ್ತು ದಿನಕ್ಕೆ ಸ್ಯಾಂಕ್ಷನ್ ಲೆಟರ್ ಬಂತು, ಲೋಗೋ, ಸೀಲು, ಸೈನು ಎಲ್ಲ ಇತ್ತು. ಅಗ್ರಿಮೆಂಟ್ ಡಿಪಾಸಿಟ್ ಅಂತ ನೂರಕ್ಕೆ ಒಂದು, 48,000 ಕಟ್ಟಬೇಕು, ಮೊದಲನೇ ಕಂತಿನ ಜೊತೆ ವಾಪಸ್ ಬರತ್ತೆ ಅಂದ್ರು. ಟ್ರಸ್ಟಿನ ಹಣ ಅಷ್ಟೊತ್ತಿಗೆ ಖಾಲಿಯಾಗಿತ್ತು, ಮೂರನೇ ಕಂತಿಗೇ ಕೈಯಿಂದ ಹಾಕಿದ್ವಿ. ಏಳೂ ಜನ ಮತ್ತೆ ಹಂಚ್ಕೊಂಡು ಕೊಟ್ವಿ, ಒಬ್ರು ಅಡಿಕೆ ರೇಟ್ ಬರ್ಲಿ ಅಂತ ಇಟ್ಕೊಂಡಿದ್ದ ಎರಡು ಮೂಟೆ ಅರ್ಜೆಂಟಲ್ಲಿ ಮಾರಿದ್ರು.

ಅದು ಕಟ್ಟಿದ ಮೂರನೇ ದಿನ ಫೋನು. "ಮೇಡಂ, ಒಂದು ಸಣ್ಣ ವಿಷ್ಯ. ರೊಟೇಶನ್ ಇರತ್ತೆ. 48 ನಿಮ್ಮ ಅಕೌಂಟಿಗೆ ಬರತ್ತೆ, 60 ಪರ್ಸೆಂಟ್ ಕ್ಯಾಶಲ್ಲಿ ವಾಪಸ್ ಕೊಡ್ತೀರಿ, ಬಿಲ್ ಎಲ್ಲ ನಾವೇ ಮಾಡ್ಕೊಡ್ತೀವಿ."

ಸುಳ್ಳು ಹೇಳಲ್ಲ, ಆ ಸಂಜೆ ನಾವು ಎರಡು ಗಂಟೆ ಇದನ್ನ ಚರ್ಚೆ ಮಾಡಿದೀವಿ. ಉಳಿಯೋ 19 ಲಕ್ಷ 20 ಸಾವಿರ ನಮ್ಮ ಮೊದಲಿನ ಬಜೆಟ್ಟಿನ ಸರಿಯಾಗಿ ನಾಲ್ಕು ಪಟ್ಟು, ನಾಲ್ಕು ವರ್ಷ ಚಿಂತೆ ಇಲ್ಲ ಅಂತ ಒಬ್ರು ಅಂದ್ರು. ನನಗೆ ಕಂಡಿದ್ದು ಇನ್ನೊಂದು ಅಂಕಿ, 28 ಲಕ್ಷ 80 ಸಾವಿರಕ್ಕೆ ಸುಳ್ಳು ಬಿಲ್. ದುಡ್ಡು ಖರ್ಚಾಯ್ತು ಅಂತ ಕೊಡೋ ಸರ್ಟಿಫಿಕೇಟ್ ಇರತ್ತಲ್ಲ, ಯುಸಿ ಅಂತಾರೆ, ಅದ್ರ ಮೇಲೆ ಸೈನ್ ಹಾಕ್ಬೇಕಾದೋಳು ಖಜಾಂಚಿ, ಅಂದ್ರೆ ನಾನು. ನಾಳೆ ಪೊಲೀಸ್ರು, ಇನ್ಕಮ್ ಟ್ಯಾಕ್ಸೋರು ಬಂದ್ರೆ ಬರೋದು ನಮ್ಮನೆ ಬಾಗಿಲಿಗೆ. ಆಗಲ್ಲ ಅಂದೆ. ಮಾರನೇ ದಿನ ಲೆಟರಲ್ಲಿದ್ದ ನಂಬರ್ ಬಿಟ್ಟು ಆ ಕಂಪನಿ ವೆಬ್‌ಸೈಟಲ್ಲಿದ್ದ ಆಫೀಸ್ ನಂಬರಿಗೆ ಫೋನ್ ಮಾಡ್ದೆ, ನಾಲ್ಕು ತಿಂಗಳಲ್ಲಿ ಮೊದಲನೇ ಸಲ. ಆ ಹೆಸರಿನ ಆಫೀಸರೇ ನಮ್ಮಲ್ಲಿಲ್ಲ, ಆ ಇಮೇಲೂ ನಮ್ದಲ್ಲ, ನಾವು ಯಾರ ಹತ್ರಾನೂ ಡಿಪಾಸಿಟ್ ತಗೊಳಲ್ಲ ಅಂದ್ರು. ಐದು ನಿಮಿಷದ ಮಾತು. ಇವನ ಫೋನ್ ಆವತ್ತಿಂದ ಸ್ವಿಚ್ ಆಫ್.

ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕೂಡ್ಲೆ ಫೋನ್ ಮಾಡ್ಬೇಕಿತ್ತು, ಮರ್ಯಾದೆಗೆ ಅಂಜಿ 23 ದಿನ ತಡ ಮಾಡಿದ್ವಿ, ಅಷ್ಟೊತ್ತಿಗೆ ಆ ಅಕೌಂಟಲ್ಲಿ ಏನೂ ಇರ್ಲಿಲ್ಲ. ಕಂಪ್ಲೇಂಟ್ ಆಗಿದೆ, ತನಿಖೆ ನಡೀತಿದೆ ಅಂತಾರೆ. ರಸೀದಿಲೆಲ್ಲ ಸಣ್ಣ ಅಕ್ಷರದಲ್ಲಿ "ಸಲಹಾ ಸೇವಾ ಶುಲ್ಕ, ಹಿಂತಿರುಗಿಸಲಾಗುವುದಿಲ್ಲ" ಅಂತ ಹಾಕಿದಾನೆ, ಅದನ್ನಿಟ್ಕೊಂಡು ನಾಳೆ ಕೋರ್ಟಲ್ಲಿ ಇದು ಬರೀ ವ್ಯವಹಾರದ ತಕರಾರು ಅಂತ ವಾದ ಮಾಡ್ತಾರೆ ಅಂತ ನಮ್ಮ ಲಾಯರ್ ಹೇಳಿದ್ರು. 2025ರ ಶುರುವಲ್ಲಿ ಕೇರಳದಲ್ಲಿ ಸಿಎಸ್‌ಆರ್ ದುಡ್ಡು ಬರತ್ತೆ ಅಂತ ಹೇಳಿ ಅರ್ಧ ಬೆಲೆಗೆ ಸ್ಕೂಟರ್ ಕೊಡ್ತೀವಿ ಅಂತ ಜನರಿಂದ ದುಡ್ಡು ಎತ್ತಿದ ಹಗರಣ ಬಯಲಾಯ್ತಲ್ಲ, ಅದನ್ನ ಪೇಪರಲ್ಲಿ ಓದ್ವಾಗ ಅಲ್ಲೂ ಮುಂದೆ ನಿಂತಿದ್ದು ಊರೂರಿನ ಸಂಘ ಸಂಸ್ಥೆಗಳೇ ಅಂತ ನೋಡಿ ಕೈಕಾಲು ತಣ್ಣಗಾಯ್ತು. ನಾವೂ ಇನ್ನೊಂದೆರಡು ತಿಂಗಳು ಮುಂದುವರಿದಿದ್ರೆ ಊರ ಜನರ ಹತ್ರ ವಂತಿಗೆ ಎತ್ತೋರು.

ಇನ್ನೊಂದು ಥರದ ಫೋನೂ ಬರತ್ತೆ, ದುಬೈ ಟ್ರಸ್ಟು, ಲಂಡನ್ ದಾನಿ, ನಿಮ್ಮ ಮಾಮೂಲಿ ಅಕೌಂಟಿಗೇ ಹಾಕ್ತೀವಿ ಅಂತ. ಅದು ಇದಕ್ಕಿಂತ ಅಪಾಯ. ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ ಅಂತ ಒಂದು ಕಾಯ್ದೆ ಇದೆ, ಅದ್ರಡಿ ಅನುಮತಿ ಇಲ್ದೆ ತಗೊಂಡ್ರೆ ಅಪರಾಧ, ಅನುಮತಿ ಇದ್ರೂ ದುಡ್ಡು ಮೊದ್ಲು ಬರ್ಬೇಕಾಗಿರೋದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಲಿರೋ ಅಕೌಂಟಿಗೆ. "ನಮ್ಮ ಹತ್ರ ಎಫ್‌ಸಿಆರ್‌ಎ ಇದೆ, ನಿಮಗೆ ಪಾಸ್ ಮಾಡ್ತೀವಿ" ಅನ್ನೋ ಸಂಸ್ಥೆನೂ ನಂಬ್ಬೇಡಿ, 2020ರ ತಿದ್ದುಪಡಿ ಆದ್ಮೇಲೆ ಹಂಗೆ ದಾಟಿಸೋ ಹಂಗಿಲ್ಲ.

ಕಂಪನಿ ನಿಜವಾಗ್ಲೂ ಇಂಥ ಕೆಲ್ಸಕ್ಕೆ ಕೊಡತ್ತಾ ಅಂತ ನೋಡೋಕೆ ದಾರಿ ಇದೆ, ದುಡ್ಡೇನೂ ಕೊಡ್ಬೇಕಾಗಿಲ್ಲ. ಸರ್ಕಾರದ್ದೇ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲಲ್ಲಿ ಕಂಪನಿ ಹೆಸರು ಹಾಕಿದ್ರೆ ಯಾವ ವರ್ಷ ಯಾವ ರಾಜ್ಯದಲ್ಲಿ ಯಾವ ವಿಷ್ಯಕ್ಕೆ ಖರ್ಚು ಮಾಡಿದಾರೆ ಅಂತ ಬರತ್ತೆ, ಕಂಪನಿ ವಾರ್ಷಿಕ ವರದಿಲೂ ಸಿಎಸ್‌ಆರ್ ಪುಟ ಇರತ್ತೆ. ನಾನು ಇದನ್ನೆಲ್ಲ ಕಲ್ತಿದ್ದು ದುಡ್ಡು ಹೋದ್ಮೇಲೆ, ನಮ್ಮೂರ ಸಿಎ ಆಫೀಸಲ್ಲಿ ಕೂತು. ಆ ಹುಡುಗ ನನ್ನ ಹಳೇ ಸ್ಟೂಡೆಂಟು. "ಮೊದ್ಲೇ ಬರ್ಬಾರ್ದಿತ್ತಾ ಟೀಚರ್" ಅಂತ ಒಂದೇ ಮಾತು ಅಂದ, ಬೈದಿದ್ರೆ ವಾಸಿ ಇತ್ತು.

ಆ ವರ್ಷ ಡಿಸೆಂಬರ್ ಬಂತು, ಕೈಲಿ ದುಡ್ಡಿಲ್ಲ. ಪಿಎಚ್‌ಸಿ ಡಾಕ್ಟ್ರ ಹತ್ರ ಹೋಗಿ ಎಲ್ಲ ಹೇಳ್ಕೊಂಡ್ವಿ. ಡೆಪಾ ಎಣ್ಣೆ ಹೆಂಗೂ ಇಲಾಖೆನೇ ಪುಕ್ಕಟೆ ಕೊಡತ್ತೆ, ಕರಪತ್ರನೂ ಅವ್ರೇ ಕೊಟ್ರು. ಪ್ರತಿ ಹಳ್ಳಿಲಿ ಗ್ರಾಮ ಆರೋಗ್ಯ ನೈರ್ಮಲ್ಯ ಸಮಿತಿ ಅಂತ ಇದ್ಯಲ್ಲ, ಅದಕ್ಕೆ ವರ್ಷಕ್ಕೆ 10,000ದವರೆಗೂ ಬರತ್ತೆ, ಅದ್ರಲ್ಲಿ ಒಂಚೂರನ್ನ ಇದಕ್ಕೆ ಬಳಸಬಹುದು ಅಂತ ಹೇಳ್ಕೊಟ್ಟಿದ್ದು ಆಶಾ ಕಾರ್ಯಕರ್ತೆ. ಅಡಿಕೆ ಸೊಸೈಟಿಯೋರು ಮೈಕು ಮತ್ತೆ ಜೀಪಿಗೆ ಡೀಸೆಲ್ ಕೊಟ್ರು. ನಾಟಕ ಕಾಲೇಜ್ ಮಕ್ಕಳು ಮಾಡಿದ್ರು, ಊಟ ಆಯಾ ಊರೋರದ್ದು. ಎಲ್ಲ ಸೇರಿ 38 ಸಾವಿರ ಖರ್ಚು, 22ರಲ್ಲಿ 17 ಹಳ್ಳಿ ಮುಗಿಸಿದ್ವಿ. ಉಳಿದ ಐದು ಹಳ್ಳಿ ಕಾಡೊಳಗಿನವು, ನಿಜ ಅಂದ್ರೆ ಮೊದ್ಲು ಹೋಗ್ಬೇಕಾಗಿದ್ದೇ ಅಲ್ಲಿಗೆ. ಕಳ್ಕೊಂಡ ದುಡ್ಡಲ್ಲಿ ಆ ಐದು ಹಳ್ಳಿಗೆ ಮೂರು ವರ್ಷ ಹೋಗ್ಬಹುದಿತ್ತು.

ಪಕ್ಕದ ತಾಲೂಕಿನ ಆ ಸಂಘದೋರು ಇನ್ನೂ ಡಿಪಾಸಿಟ್ ಕಟ್ಟಿರ್ಲಿಲ್ಲ, ಆದ್ರೆ 11,800 ಹೋಗಿದೆ. ಅವ್ರ ರಸೀದಿ ಮೇಲೂ ಅದೇ ಟೈಲ್ಸ್ ಅಂಗಡಿ ಜಿಎಸ್‌ಟಿ ನಂಬರು. ನಿಮ್ಮಲ್ಲಿ ಯಾರಿಗಾದ್ರೂ "ಫೈಲ್ ಚಾರ್ಜ್" ಅಂತ ಇದೇ ಮೊತ್ತದ ರಸೀದಿ ಬಂದಿದ್ರೆ ಅದ್ರ ಫೋಟೋ, ದುಡ್ಡು ಹಾಕಿದ ಅಕೌಂಟ್ ನಂಬರ್, ಸ್ಯಾಂಕ್ಷನ್ ಲೆಟರ್ ಮೂರನ್ನೂ ಇಟ್ಕೊಂಡಿರಿ, ಮೊದ್ಲು 1930ಕ್ಕೆ ಫೋನ್ ಮಾಡಿ, ಆಮೇಲೆ ನನಗೊಂದು ಮೆಸೇಜ್ ಹಾಕಿ. ಒಬ್ರೊಬ್ರೇ ಹೋದ್ರೆ ಇದು ಸಣ್ಣ ಮೊತ್ತ, ನಾಲ್ಕಾರು ಸಂಘದೋರು ಒಟ್ಟಿಗೆ ಹೋಗಿ ಕಂಪ್ಲೇಂಟ್ ಕೊಡಣ ಅಂತ ಇದೀವಿ, ಸದ್ಯಕ್ಕೆ ನಾವು ಎರಡು ಸಂಘ ಇದೀವಿ.