ಪುಟ್ಟಿ ಧೂಳಿಗೆ ಯಾವುದು ಸರಿ: ಜೆಟ್ ಪಂಪಾ, ಏರ್ ಪ್ಯೂರಿಫೈಯರಾ, ಒದ್ದೆ ಬಟ್ಟೆನಾ?

ಬಳ್ಳಾರಿಯವರಿಗೆ ಧೂಳು ಹೊಸದಲ್ಲ. ಸಂಡೂರು ಕಡೆಯ ಅದಿರಿನ ಕೆಂಪು ಧೂಳು ಒರೆಸಿಕೊಂಡೇ ಬೆಳೆದವರು ನಾವು. ಆದರೆ ಮಾರ್ಚ್‌ನಲ್ಲಿ ಹಾಲ್ ರಿಪೇರಿ ಮಾಡಿಸಿದಾಗ ಎದ್ದ ಬಿಳಿ ಧೂಳಿನ ಕಥೆಯೇ ಬೇರೆ. ಟೈಲ್ಸ್ ಕೊರೆದರು, ಗೋಡೆಗೆ ಪುಟ್ಟಿ ಹಚ್ಚಿ ಉಜ್ಜಿದರು. ಕೆಲಸ ಮುಗಿದು ಹದಿನೈದು ದಿನವಾದರೂ ಎಸಿ ಹಾಕಿದರೆ ಸಾಕು, ಅವ್ವನಿಗೆ ಕೆಮ್ಮು. "ಗಾಳಿ ತಣ್ಣಗೈತೆ, ವಾಸನೆ ಮಾತ್ರ ಹಸಿ ಗೋಡೇದು" ಅಂದಳು.

ತಪ್ಪು ನನ್ನದೇ. ಕೆಲಸದವರಿಗೆ ಸೆಕೆ ಅಂತ ಉಜ್ಜುವಾಗಲೂ ಎಸಿ ಹಾಕಿಟ್ಟಿದ್ದೆ. ಓಡುವ ಎಸಿಯ ಕಾಯಿಲ್, ಅಂದರೆ ಗಾಳಿಯನ್ನು ತಂಪು ಮಾಡುವ ಒಳಗಿನ ಕೊಳವೆ ಸುರುಳಿ, ತಣ್ಣಗಾಗಿ ಬೆವರುತ್ತದೆ. ಅದರ ಮೇಲೆ ಕೂತ ಪುಟ್ಟಿ ಪುಡಿ ಕಲಸಿದ ಹಿಟ್ಟಿನ ಹಾಗೆ ಅಂಟಿಕೊಂಡಿತ್ತು.

ಇಂಟರ್‌ನೆಟ್‌ನಲ್ಲಿ ನೋಡಿದರೆ ಎಲ್ಲಾ ಡಕ್ಟ್ ಕ್ಲೀನಿಂಗ್ ಮಾತು, ಅಂದರೆ ಮನೆಯಿಡೀ ಎಸಿ ಗಾಳಿ ಒಯ್ಯುವ ದೊಡ್ಡ ಕೊಳವೆ ತೊಳೆಸುವುದು. ನಮ್ಮ ಮನೆಯಲ್ಲಿ ಡಕ್ಟ್ ಎಲ್ಲಿದೆ? ಡಕ್ಟ್ ಇರುವ ಅಮೆರಿಕದಲ್ಲೂ, ಸುಮ್ನೆ ವರ್ಷಾ ವರ್ಷಾ ತೊಳೆಸಬೇಡಿ, ಬೂಷ್ಟೋ ಇಲಿ-ಹುಳವೋ ಕಟ್ಟಿದ ಧೂಳೋ ಕಂಡರೆ ತೊಳೆಸಿ ಅಂತ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೇ ಹೇಳುತ್ತದೆ. ನಮ್ಮ ಸ್ಪ್ಲಿಟ್ ಎಸಿಯಲ್ಲಿ ನೋಡಬೇಕಾದದ್ದು ಫಿಲ್ಟರ್, ಕಾಯಿಲ್, ಗಾಳಿ ತಳ್ಳುವ ಬ್ಲೋವರ್.

ಮೊದಲು ಜೋರಾಗಿ ನೀರು ಹೊಡೆಯುವ ಜೆಟ್ ಪಂಪ್ ತಂದ ಸರ್ವಿಸ್‌ನವರು. 700 ರೂಪಾಯಿ. ಕೆಳಗೆ ಪ್ಲಾಸ್ಟಿಕ್ ಚೀಲ ಕಟ್ಟಿ ನೇರ ನೀರು ಹೊಡೆದರು. ಬಕೆಟ್‌ಗೆ ಅಕ್ಕಿ ತೊಳೆದ ನೀರಿನಂಥದ್ದು ಇಳಿಯಿತು, ಖುಷಿಯಾಯಿತು. ಮೂರನೇ ದಿನ ಡ್ರೈನ್ ಪೈಪ್‌ನಲ್ಲಿ ಪುಟ್ಟಿ ಕಟ್ಟಿ, ಹೊಸ ಪೇಂಟ್ ಮೇಲೆ ನೀರು ಸೋರಿತು. ಫೋನ್ ಮಾಡಿದರೆ "ಪೈಪ್ ನಮ್ಮ ಕೆಲಸದಾಗ ಬರಲ್ಲ ಅಣ್ಣ."

ಆಮೇಲೆ ಕೌಲ್‌ಬಜಾರಿನ ಒಬ್ಬ ಮೆಕ್ಯಾನಿಕ್ ಬಂದ. 1200 ಕೇಳಿದ, ಎರಡು ತಾಸು ತೆಗೆದುಕೊಂಡ. ಮೊದಲು ಒಣ ಬ್ರಷ್, ವ್ಯಾಕ್ಯೂಮ್. ಆಮೇಲೆ ನೀರು. ಬ್ಲೋವರ್ ಬಿಚ್ಚಿ ಕೈಗೇ ಕೊಟ್ಟ. ಒಂದೊಂದು ರೆಕ್ಕೆಯ ಸಂದಿಯಲ್ಲೂ ಬಿಳಿ ಹೆಕ್ಕಳಿಕೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆದ. ಕೊನೆಗೆ ಪೈಪ್ ಊದಿ, ಒಂದು ಚೊಂಬು ನೀರು ಸುರಿದು ಹರಿಯುವುದನ್ನು ತೋರಿಸಿದ. ವಾಸನೆ ಅವತ್ತೇ ಹೋಯಿತು.

ಪ್ಯೂರಿಫೈಯರ್ ಅನ್ನು ಗಾಂಧಿನಗರದ ಗೆಳೆಯನಿಂದ ಒಂದು ವಾರಕ್ಕೆ ತಂದಿದ್ದೆ. ಅದರೊಳಗಿನ ಹೆಪಾ ಅನ್ನುವ ಸೂಕ್ಷ್ಮ ಫಿಲ್ಟರ್ 0.3 ಮೈಕ್ರಾನ್ ಕಣವನ್ನೂ 99.97% ಹಿಡಿಯುತ್ತದೆ, ಒಪ್ಪಿದೆ. ಬಾಗಿಲು ಹಾಕಿ ಕೂತರೆ ಪಿಎಂ 2.5, ಅಂದರೆ ಗಾಳಿಯಲ್ಲಿರುವ ಅತಿ ಸಣ್ಣ ಧೂಳಿನ ಅಂಕಿ, 30ಕ್ಕೆ ಇಳಿಯುತ್ತಿತ್ತು. ನಮ್ಮ ದೇಶದಲ್ಲಿ 24 ಗಂಟೆಯ ಸರಾಸರಿಗೆ ಮಿತಿ 60. ಆದರೆ ಯಾರಾದರೂ ಕಸಬರಿಗೆ ಹಿಡಿದರೆ 200 ದಾಟುತ್ತಿತ್ತು! ಫ್ಯಾನ್ ರೆಕ್ಕೆಯ ಮೇಲೆ ಕೂತ ಧೂಳನ್ನು ಅದು ಹೇಗೆ ಎಳೆದೀತು, ಅಲ್ವಾ? ನಾಲ್ಕೇ ದಿನಕ್ಕೆ ಮುಂದಿನ ಜಾಲರಿ ಬೆಳ್ಳಗಾಯಿತು. ಇಷ್ಟು ಕೆಲಸಕ್ಕೆ ಹೊಸದು ಕೊಳ್ಳುವುದು ದಂಡ.

ಮನೆಯ ಹಳೇ ವ್ಯಾಕ್ಯೂಮ್ ಬಗ್ಗೆ ಹೇಳುವುದೇ ಬೇಡ. ಮುಂದೆ ಎಳೆದದ್ದನ್ನು ಹಿಂದಿನ ಬಟ್ಟೆ ಚೀಲದಿಂದ ಊದುತ್ತಿತ್ತು.

ಧೂಳನ್ನು ನಿಜಕ್ಕೂ ಇಳಿಸಿದ್ದು ಒದ್ದೆ ಬಟ್ಟೆ. ಫ್ಯಾನ್, ಬಾಗಿಲ ಮೇಲಂಚು, ಟ್ಯೂಬ್‌ಲೈಟ್ ಪಟ್ಟಿ ಎಲ್ಲಾ ಮೂರು ಸಲ ಒರೆಸಿ, ಪರದೆ ಒಗೆದ ಮೇಲೆ ಪ್ಯೂರಿಫೈಯರ್ ಇಲ್ಲದೆಯೂ ಅವ್ವ ಕೆಮ್ಮಲಿಲ್ಲ. ನನ್ನ ಲೆಕ್ಕದಲ್ಲಿ ಬಟ್ಟೆಯೇ ಮೊದಲು, ಬ್ಲೋವರ್ ಬಿಚ್ಚಿ ತೊಳೆಯುವವನು ಎರಡನೆಯವನು.

ಈಗ ಬೆಡ್‌ರೂಮ್ ಪುಟ್ಟಿ ಕೆಲಸ ಶುರುವಾಗಬೇಕು. ಎಸಿ ಮೇನ್ ಆಫ್ ಮಾಡಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪ್ ಹಚ್ಚಿದ್ದೇನೆ. ಅವ್ವನಿಗೆ ನಂಬಿಕೆಯಿಲ್ಲ, ಹೊಸಪೇಟೆಯ ಅಕ್ಕನ ಮನೆಗೆ ಚೀಲ ಕಟ್ಟಿ ಕೂತಿದ್ದಾಳೆ.