ರಾತ್ರಿ ಟ್ರೇಯೋ, ಹಗಲು ಟ್ರೇಯೋ: ಒಂದೇ ಮನೆಯಲ್ಲಿ ಹಲ್ಲು ಬಿಳಿ ಮಾಡುವ ಎರಡು ಕಿಟ್

ಅಡಿಕೆ ಬೇಯಿಸುವ ಮನೆಯವರಿಗೆ ಚೊಗರು ಏನೆಂದು ಹೇಳಬೇಕಾಗಿಲ್ಲ; ಉಳಿದವರಿಗೆ, ಅದು ಅಡಿಕೆ ಬೇಯಿಸಿದ ಕಡುಗೆಂಪು ನೀರು. ಇಪ್ಪತ್ತು ವರ್ಷ ಕವಳ (ಎಲೆ ಅಡಿಕೆ) ಹಾಕಿದ ನನ್ನ ಹಲ್ಲು ಚೊಗರು ಕುಡಿದ ಅಡಿಕೆಯ ಹಾಗೇ ಆಗಿತ್ತು. ಮೇಲಿಂದ ದಿನಕ್ಕೆ ನಾಲ್ಕು ಲೋಟ ಕಾಫಿ. ಮಗಳ ಮದುವೆ ಆಲ್ಬಮ್ಮಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕವನು ನಾನೊಬ್ಬನೇ. ಸಂಕ್ರಾಂತಿ ಕಳೆದು ಮಗನ ನಿಶ್ಚಿತಾರ್ಥ ಇತ್ತಲ್ಲ, ಈ ಸಲ ಹಾಗಾಗಬಾರದು ಅಂತ ಡಿಸೆಂಬರಿನಲ್ಲಿ ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಹಲ್ಲು ಬಿಳಿ ಮಾಡಿಸಲು ಶಿವಮೊಗ್ಗದ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದೆವು. ನಾನು, ಜೊತೆಗೆ ಹೆಂಡತಿ. ಅವಳು ಕವಳ ಮುಟ್ಟಿದವಳಲ್ಲ, ಆದರೂ ವಯಸ್ಸಿನ ಹಳದಿ ಬಂದಿತ್ತು.

ಡಾಕ್ಟರಮ್ಮ ಮೊದಲು ಕೆನ್ನೆಯ ಒಳಗೆಲ್ಲ ಬೆರಳಾಡಿಸಿ ನೋಡಿದರು. ಅಡಿಕೆ ಜಗಿಯುವವರ ಬಾಯಿ ಬಿಗಿಯುತ್ತದೆ, ಕ್ಯಾನ್ಸರ್ ಕೂಡ ಬರಬಹುದು, ಅದನ್ನು ನೋಡದೆ ಬಿಳಿ ಮಾಡುವ ಮಾತೇ ಇಲ್ಲ ಅಂದರು. ಅಡಿಕೆ ಬೆಳೆಗಾರನಿಗೆ ಕೇಳಲು ಹಿತವಾದ ಮಾತಲ್ಲ ಬಿಡಿ. ಆಮೇಲೆ ಹಲ್ಲು ಕ್ಲೀನ್ ಮಾಡಿದರು. ನಿಜ ಹೇಳಬೇಕೆಂದರೆ ನನ್ನ ಅರ್ಧ ಕೆಂಪು ಅಲ್ಲೇ ಹೋಯಿತು. ಕವಳದ ಕಲೆ ಜಾಸ್ತಿ ಮೇಲ್ಮೇಲೇ ಇರುತ್ತದೆ. ಬರೀ ಕಲೆಗಾಗಿ ಕಿಟ್ ತೆಗೆದುಕೊಳ್ಳಬೇಕು ಅಂದುಕೊಂಡಿದ್ದರೆ ಮೊದಲು ಇಷ್ಟು ಮಾಡಿಸಿ ನೋಡಿ.

ಉಳಿದದ್ದು ಒಳಗಿನ ಹಳದಿ. ಅಡಿಕೆ ಮಂಡಿಯಲ್ಲಿ ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಅಂತ ದರ್ಜೆ ಹೇಳಲು ಕೈಯಲ್ಲಿ ಹಿಡಿದು ನೋಡುವ ಹಾಗೆ, ಒಂದು ಪಟ್ಟಿಯಲ್ಲಿದ್ದ ಪಿಂಗಾಣಿ ಹಲ್ಲುಗಳನ್ನು ಒಂದೊಂದಾಗಿ ನಮ್ಮ ಹಲ್ಲಿನ ಪಕ್ಕ ಹಿಡಿದು ನೋಡಿದರು. ನನ್ನದು ಎ4, ಅವಳದು ಎ3. ಎ1 ಅಂದರೆ ಆ ಸಾಲಿನಲ್ಲಿ ಎಲ್ಲಕ್ಕಿಂತ ತಿಳಿ. ಬಾಯಿಯ ಅಚ್ಚು ತೆಗೆದು ಇಬ್ಬರಿಗೂ ಹಲ್ಲಿನ ಮೇಲೆ ಕೂರುವ ತೆಳ್ಳನೆಯ ಪಾರದರ್ಶಕ ಟ್ರೇ ಮಾಡಿಕೊಟ್ಟರು. ಅದರೊಳಗೆ ಹಾಕುವ ಬಿಳಿ ಮಾಡುವ ಜೆಲ್ ಮಾತ್ರ ಬೇರೆ ಬೇರೆ.

ನನಗೆ ಕೊಟ್ಟಿದ್ದು 10% ಕಾರ್ಬಮೈಡ್ ಪೆರಾಕ್ಸೈಡ್, ರಾತ್ರಿ ಹಾಕಿಕೊಳ್ಳುವುದು. ಅವಳಿಗೆ 6% ಹೈಡ್ರೋಜನ್ ಪೆರಾಕ್ಸೈಡ್, ಹಗಲು ಅರ್ಧ ಗಂಟೆಯಂತೆ ಎರಡು ಸಲ. ಬಾಯಲ್ಲಿ ಏನಾದರೂ ಇದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ, ಅದಕ್ಕೆ. ನನ್ನದಕ್ಕೆ 7,000 ಆಯಿತು, ಅವಳದಕ್ಕೆ 500 ಜಾಸ್ತಿ.

ಹತ್ತು ದೊಡ್ಡದು, ಆರು ಚಿಕ್ಕದು ಅಂತ ನಾನೂ ಲೆಕ್ಕ ಹಾಕಿದ್ದೆ. ಅದು ತಪ್ಪು. 10% ಕಾರ್ಬಮೈಡ್ ಒಡೆದಾಗ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು 3.5% ಅಷ್ಟೇ, ಉಳಿದದ್ದು ಯೂರಿಯಾ. ಹಾಗಾಗಿ ಅವಳದೇ ಖಾರ. ಅದು ಬೇಗ ಕೆಲಸ ಮಾಡಿ ಬೇಗ ಮುಗಿಯುತ್ತದೆ. ನನ್ನದು ನಿಧಾನ. ಮೊದಲ ಎರಡು ಗಂಟೆಯಲ್ಲಿ ಅರ್ಧ ಕೆಲಸ, ಉಳಿದದ್ದು ರಾತ್ರಿಯಿಡೀ ಸ್ವಲ್ಪ ಸ್ವಲ್ಪವಾಗಿ. ಈ ರಾತ್ರಿ ಟ್ರೇ ಪದ್ಧತಿ 1989ರಿಂದಲೇ ಬಳಕೆಯಲ್ಲಿದೆ.

ನಮ್ಮನೆಯಲ್ಲಿ ತೊಡಕಾಗಿದ್ದು ಜೆಲ್ಲಿಗಿಂತ ಕಾಫಿಯಿಂದ. ಟ್ರೇ ತೆಗೆದ ಮೇಲೆ ಒಂದೆರಡು ಗಂಟೆಯಾದರೂ ಬಣ್ಣದ್ದು ಏನೂ ಬೇಡ ಅಂದಿದ್ದರು. ಕಾಫಿ, ಟೀ, ಅರಿಶಿನ ಹಾಕಿದ ಸಾರು, ಬೀಟ್‌ರೂಟ್, ಕವಳ ಯಾವುದೂ ಇಲ್ಲ. ಅಡಿಕೆ ಗೊನೆ ಕೊಯ್ಯುವ ಸಮಯ, ಬೆಳಿಗ್ಗೆ ಐದೂವರೆಗೆ ಕೊನೆಗಾರರು (ಮರ ಹತ್ತಿ ಗೊನೆ ಕೊಯ್ಯುವವರು) ಬಂದು ಜಗಲಿಯಲ್ಲಿ ಕೂತಿರುತ್ತಾರೆ. ಅವರಿಗೆ ಕಾಫಿ ಕೊಟ್ಟು ನಾನು ಬಿಸಿನೀರು ಹಿಡಿದು ಕೂತರೆ ಹೇಗಿರುತ್ತದೆ? ಮೂರು ದಿನ ಹಾಗೇ ಕೂತೆ. ನಾಲ್ಕನೇ ದಿನ ಫೋನ್ ಮಾಡಿ ಕೇಳಿದೆ. ಎಂಟು ಗಂಟೆಗೆ ಊಟ ಮುಗಿಸಿ ಹಾಕಿಕೊಳ್ಳಿ, ರಾತ್ರಿ ಒಂದಕ್ಕೆ ಎಚ್ಚರ ಆಗುತ್ತಲ್ಲ, ಆಗ ತೆಗೆಯಿರಿ, ಸಾಕು ಅಂದರು. ನನ್ನ ವಯಸ್ಸಿನವರಿಗೆ ಎಚ್ಚರ ಆಗದೆ ಇರುತ್ತದೆಯೇ! ಐದೂವರೆ ಕಾಫಿ ವಾಪಸ್ಸು ಬಂತು.

ಅವಳ ಕಥೆ ಬೇರೆ. ಬೆಳಿಗ್ಗೆ ಹತ್ತಕ್ಕೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಕೇಳಲು ಸುಲಭ. ಆದರೆ ಹತ್ತು ಗಂಟೆಗೇ ಎಲ್ಲರ ಫೋನು. ಬಾಯಲ್ಲಿ ಟ್ರೇ ಇಟ್ಟುಕೊಂಡು ‘ಸೀರೆ’ ಅಂದರೆ ‘ಶೀಯೆ’ ಅಂತ ಕೇಳುತ್ತದೆ. ಅತ್ತಿಗೆ ಗಾಬರಿಯಾಗಿ, ಏನೇ, ಲಕ್ವ ಏನಾದ್ರೂ ಹೊಡೀತಾ ಅಂತ ಕೇಳಿದರು. ದಿನಕ್ಕೆರಡು ಸಲ ಹಾಕುವುದೆಂದರೆ ಎರಡು ಸಲ ಕಾಫಿಗೆ ಕಾಯುವುದು. ಆರು ದಿನ ಮಾಡಿ ಸಂಜೆಯದ್ದನ್ನು ಬಿಟ್ಟಳು.

ಜುಮ್ಮೆನ್ನುವ ವಿಷಯದಲ್ಲೂ ನನ್ನದೇ ವಾಸಿ. ನಮ್ಮ ಬಚ್ಚಲಿಗೆ ಗುಡ್ಡದಿಂದ ಅಬ್ಬಿ ನೀರು ಬರುತ್ತದೆ. ಡಿಸೆಂಬರಿನಲ್ಲಿ ಅದರಲ್ಲಿ ಬಾಯಿ ಮುಕ್ಕಳಿಸಿದ ಅವಳು ಎರಡೂ ಕೈಯಿಂದ ದವಡೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು. ನನಗೆ ಐದನೇ ದಿನ ಒಂದು ಸಲ ಚುಳುಕ್ ಅಂದಿದ್ದು ಬಿಟ್ಟರೆ ಏನಿಲ್ಲ. ಅವಳಿಗೆ ಡಾಕ್ಟರಮ್ಮ ಹೇಳಿದ ಉಪಾಯ ಕೆಲಸ ಮಾಡಿತು. ಪೊಟ್ಯಾಶಿಯಂ ನೈಟ್ರೇಟ್ ಇರುವ ಪೇಸ್ಟನ್ನು ಟ್ರೇಯಲ್ಲೇ ಹಾಕಿ ಹತ್ತು ಹದಿನೈದು ನಿಮಿಷ ಇಟ್ಟುಕೊಳ್ಳುವುದು, ಜೆಲ್ ಒಂದು ದಿನ ಬಿಟ್ಟು ಒಂದು ದಿನ ಹಾಕುವುದು. ಜೆಲ್ ಜಾಸ್ತಿ ಹಾಕಿದ ಒಂದು ದಿನ ಅವಳ ವಸಡಿನ ಅಂಚು ಬೆಳ್ಳಗಾಗಿ ಉರಿಯಿತು, ಮಾರನೇ ದಿನ ಸರಿಹೋಯಿತು. ಹಲ್ಲಿಗೊಂದು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಬೊಟ್ಟು ಸಾಕು.

ನನ್ನ ತಪ್ಪೂ ಒಂದಿದೆ. ಟ್ರೇ ತೊಳೆಯಲು ತಣ್ಣೀರು ಯಾಕೆ ಅಂತ ಹಂಡೆಯ ನೀರನ್ನೇ ಹೊಯ್ದೆ. ಕೈಯಲ್ಲೇ ಮೆತ್ತಗಾಗಿ ಹಪ್ಪಳದ ಹಾಗೆ ಮುದುಡಿಕೊಂಡಿತು. ಹೊಸ ಟ್ರೇಗೆ 800 ರೂಪಾಯಿ, ಬಸ್ಸಿನಲ್ಲಿ ಒಂದು ಇಡೀ ದಿನ.

ಇದಕ್ಕೂ ಮುಂಚೆ ಆನ್‌ಲೈನಿನಲ್ಲಿ ತರಿಸಿದ ಇದ್ದಿಲ ಪುಡಿಯನ್ನೂ ಒಂದು ತಿಂಗಳು ತಿಕ್ಕಿದ್ದೆ. ಅದು ಮೇಲಿನದನ್ನು ಕೆರೆಯುತ್ತದೆ, ಒಳಗಿನ ಹಳದಿಗೆ ಮುಟ್ಟುವುದಿಲ್ಲ. ಸವೆದ ಎನಾಮಲ್ ಮತ್ತೆ ಬೆಳೆಯುವುದೂ ಇಲ್ಲ. ಅದರ ಬಗ್ಗೆ ಇಷ್ಟೇ ಸಾಕು.

ಲೆಕ್ಕಕ್ಕೆ ಬರೋಣ. ಅವಳ ಹಲ್ಲಿನಲ್ಲಿ ಬದಲಾವಣೆ ನಾಲ್ಕನೇ ದಿನಕ್ಕೇ ಕಂಡಿತು. ನನ್ನದರಲ್ಲಿ ಒಂದು ವಾರ ಏನೂ ಇಲ್ಲ, ಸುಮ್ನೆ ದುಡ್ಡು ಹೋಯ್ತು ಅಂದುಕೊಂಡೆ. ಹನ್ನೆರಡು ದಿನಕ್ಕೆ ಅವಳು ಎ1, ಹದಿನೆಂಟು ರಾತ್ರಿಗೆ ನಾನು ಎ2. ಜೋರು ಜೆಲ್ ಬೇಗ ಬಿಳಿ ಮಾಡುತ್ತದೆ, ಕೊನೆಗೆ ಜಾಸ್ತಿ ಬಿಳಿ ಮಾಡುತ್ತದೆ ಅಂತೇನಿಲ್ಲ ಎಂದರು ಡಾಕ್ಟರಮ್ಮ. ಆದರೆ ಅವಳ ಮುಂದಿನ ಹಲ್ಲಿನಲ್ಲಿದ್ದ ಹಳೇ ಫಿಲ್ಲಿಂಗ್ ಈಗ ಹಳದಿ ಚುಕ್ಕೆಯಾಗಿ ಎದ್ದು ಕಂಡಿತು. ಫಿಲ್ಲಿಂಗ್, ಕ್ಯಾಪ್ ಯಾವ ಜೆಲ್ಲಿಗೂ ಬಿಳಿಯಾಗುವುದಿಲ್ಲ. ತಕ್ಷಣ ಹೊಸ ಫಿಲ್ಲಿಂಗ್ ಹಾಕಿದರೆ ಸರಿಯಾಗಿ ಹಿಡಿಯುವುದಿಲ್ಲ ಅಂತ ಎರಡು ವಾರ ಕಾಯಿಸಿದರು. ನಿಶ್ಚಿತಾರ್ಥ ಅದರ ಮಧ್ಯೆಯೇ ಬಂತು. ಈ ಸಲ ಫೋಟೋದಲ್ಲಿ ಬಾಯಿ ಮುಚ್ಚಿ ನಕ್ಕವಳು ಅವಳು.

ಮತ್ತೆ ಮಾಡಿಸಬೇಕಾದರೆ ನಾನು ರಾತ್ರಿಯದ್ದನ್ನೇ ಕೇಳುತ್ತೇನೆ. ಬೇಗ ಬೇಕು, ಹಲ್ಲು ಜುಮ್ಮೆನ್ನುವ ಅಭ್ಯಾಸ ಇಲ್ಲ, ಹಗಲು ಬಾಯಿಗೆ ಬಿಡುವಿದೆ ಅನ್ನುವವರಿಗೆ ಅವಳದು ಆಗಬಹುದು. ನನ್ನ ಎರಡು ಸಿರಿಂಜು ಜೆಲ್ ಫ್ರಿಜ್ಜಿನ ಬಾಗಿಲಲ್ಲಿ ಇನ್ನೂ ಇದೆ. ಕರು ಹಾಕಿದ ಹಸುವಿಗೆ ತಂದ ಔಷಧ ಅಂದುಕೊಂಡು ಅಮ್ಮ ಅದನ್ನು ಎರಡು ಸಲ ಕೊಟ್ಟಿಗೆಗೆ ಒಯ್ದಿದ್ದಾರೆ.