ಚುಚ್ಚುವ ಗಿಟಾರ್ ದನಿಗೆ ಯಾವ ಮದ್ದು? ಟೋನ್ ನಾಬ್, ಕೆಪ್ಯಾಸಿಟರ್, ಕೇಬಲ್, ಇಕ್ಯೂ ಪೆಡಲ್ ಹೋಲಿಕೆ

ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಸ್ವಿಚ್ಚನ್ನು ಬ್ರಿಡ್ಜ್ ಪಿಕಪ್ (ತಂತಿಗಳ ಬುಡದ ಬಳಿ ಅವುಗಳ ಕಂಪನ ಹಿಡಿಯುವ ಕಾಯಿಲ್) ಕಡೆಗೆ ತಳ್ಳಿದರೆ ಸ್ವರಕ್ಕಿಂತ ಮೊದಲು ಅದರ ಮೊನಚು ಕಿವಿಗೆ ತಾಗುತ್ತದೆ. ಹಾಸನದ ಗಣಪತಿ ಪೆಂಡಾಲಿನ ರಸಮಂಜರಿಯಾಗಲಿ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದ ಕಾರ್ಯಕ್ರಮವಾಗಲಿ, ಮುಂದಿನ ಸಾಲಿನಲ್ಲಿ ಕೂತವರು ಮುಖ ಕಿವುಚುವುದು ಸಾಮಾನ್ಯವಾಗಿ ಈ ಪಿಕಪ್ಪಿನ ಸೋಲೋ ಬಂದಾಗಲೇ. ಟೋನ್ ಇಳಿಸಿ, ತಂತಿ ಬದಲಿಸಿ, ಪಿಕಪ್ಪನ್ನೇ ಬದಲಿಸಿ ಎಂದು ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಾರೆ. ಕಾಯಿಲೆ ಎಲ್ಲಿದೆ ಎಂದು ನೋಡದೆ ಮದ್ದು ಹಾಕಿದರೆ ದನಿ ಮಂಕಾಗುತ್ತದೆಯೇ ಹೊರತು ಚುಚ್ಚುವುದು ನಿಲ್ಲುವುದಿಲ್ಲ.

ಹೋಲಿಕೆಗೆ ಬಳಸಿದ ಗಿಟಾರಿನಲ್ಲಿ ಮೂರು ಸಿಂಗಲ್ ಕಾಯಿಲ್ ಪಿಕಪ್, ನಾಬ್ ತಿರುಗಿಸಿದಾಗ ರೆಸಿಸ್ಟೆನ್ಸ್ ಬದಲಿಸುವ 250 ಕೆ (ಕಿಲೋ ಓಮ್) ಪಾಟ್‌ಗಳು, 10–46 ಅಳತೆಯ ನಿಕ್ಕಲ್ ಲೇಪಿತ ಉಕ್ಕಿನ ತಂತಿಗಳಿದ್ದವು. ಕೇಬಲ್ 3 ಮೀಟರ್ ಉದ್ದದ್ದು. ಒಮ್ಮೆ 12 ಇಂಚು ಸ್ಪೀಕರಿನ ಆಂಪ್‌ಗೆ, ಇನ್ನೊಮ್ಮೆ ಪ್ರೊಸೆಸರ್ (ದನಿಗೆ ಎಫೆಕ್ಟ್ ಹಾಕುವ ಪೆಟ್ಟಿಗೆ) ಮೂಲಕ ನೇರ ಮಿಕ್ಸರ್‌ಗೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲವೂ ಒಟ್ಟು ಸದ್ದನ್ನು ಮೊದಲಿನ ಮಟ್ಟಕ್ಕೆ ತಂದುಕೊಂಡೇ ಕೇಳಿದ್ದು. ಈ ಕೊನೆಯದನ್ನು ಮರೆತರೆ ಹೋಲಿಕೆಯೇ ಸುಳ್ಳಾಗುತ್ತದೆ, ಏಕೆಂದರೆ ಸದ್ದು ಸ್ವಲ್ಪ ಇಳಿದರೂ ಮೊನಚು ಇಳಿದಂತೆ ಕೇಳಿಸುತ್ತದೆ.

ಮೊದಲು ನೇರ ಮಿಕ್ಸರ್‌ಗೆ ಹಾಕುವವರ ವಿಷಯ

ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ಆಂಪ್ ಹೊತ್ತು ತರುವವರು ಕಡಿಮೆ. ಪ್ರೊಸೆಸರಿನಿಂದ ಒಂದು ಕೇಬಲ್ ಮಿಕ್ಸರ್‌ಗೆ ಹೋದರೆ ಕೆಲಸ ಮುಗಿಯಿತು. ಇಲ್ಲಿ ಗಿಟಾರನ್ನು ಬಿಚ್ಚುವ ಮೊದಲು ನೋಡಬೇಕಾದ್ದು ಕ್ಯಾಬಿನೆಟ್ ಸಿಮ್ಯುಲೇಶನ್ (ಗಿಟಾರ್ ಆಂಪಿನ ಸ್ಪೀಕರ್ ಪೆಟ್ಟಿಗೆಯ ದನಿಯನ್ನು ಅನುಕರಿಸುವ ಸೌಲಭ್ಯ) ಆನ್ ಇದೆಯೇ ಎಂಬುದನ್ನು. ಗಿಟಾರ್ ಸ್ಪೀಕರಿನ ದನಿ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಕಡಿದಾಗಿ ಕುಸಿಯುತ್ತದೆ. ಸೆಲೆಷನ್ ಕಂಪನಿಯ ವಿಂಟೇಜ್ 30 ಸ್ಪೀಕರಿಗೆ ಕೊಟ್ಟಿರುವ ವ್ಯಾಪ್ತಿಯೇ 70ರಿಂದ 5,000 ಹರ್ಟ್ಸ್. ಸಭೆಗೆ ಕೇಳಿಸುವ ದೊಡ್ಡ ಸ್ಪೀಕರ್, ಅಂದರೆ ಪಿಎ ಬಾಕ್ಸಿನ ಹಾರ್ನ್‌ಗೆ ಅಂಥ ಮಿತಿ ಇಲ್ಲ. ಡಿಸ್ಟಾರ್ಷನ್ ಹುಟ್ಟಿಸುವ ಮೇಲಿನ ಹಾರ್ಮೋನಿಕ್‌ಗಳನ್ನೆಲ್ಲ ಅದು ಬಾಣಲೆಗೆ ಬಿದ್ದ ಒಗ್ಗರಣೆಯ ಹಾಗೆ ಚುರುಚುರು ಎಂದು ಉಗುಳುತ್ತದೆ. ಗಿಟಾರಿನ ಒಳಗೆ ಏನೇ ಮಾಡಿದರೂ ಈ ಸದ್ದು ಹೋಗುವುದಿಲ್ಲ, ಏಕೆಂದರೆ ಅದು ಹುಟ್ಟುವುದೇ ಗಿಟಾರ್ ದಾಟಿದ ಮೇಲೆ.

ಸಿಮ್ಯುಲೇಶನ್ ಆನ್ ಮಾಡಿ, ಹೈ ಕಟ್ (ಮೇಲಿನ ಸ್ವರಗಳನ್ನು ಕತ್ತರಿಸುವ ಮಿತಿ) ಅನ್ನು 5,000ದಿಂದ 6,000 ಹರ್ಟ್ಸ್ ನಡುವೆ, ಲೋ ಕಟ್ ಅನ್ನು 80ರಿಂದ 100 ಹರ್ಟ್ಸ್ ನಡುವೆ ಇಟ್ಟರೆ ಅರ್ಧಕ್ಕಿಂತ ಹೆಚ್ಚು ತೊಂದರೆ ಅಲ್ಲೇ ಮುಗಿಯುತ್ತದೆ. ಪ್ರೊಸೆಸರಿನ ಔಟ್‌ಪುಟ್ ಆಯ್ಕೆ ‘ಆಂಪ್’ ಎಂದಿದ್ದರೆ ‘ಲೈನ್’ ಅಥವಾ ‘ಡೈರೆಕ್ಟ್’ಗೆ ಬದಲಿಸಿ. ಮರುದಿನ ಅದೇ ಪ್ರೊಸೆಸರನ್ನು ನಿಜವಾದ ಗಿಟಾರ್ ಆಂಪ್‌ಗೆ ಹಾಕುವಾಗ ಸಿಮ್ಯುಲೇಶನ್ ಆಫ್ ಮಾಡುವುದನ್ನು ಮರೆಯಬಾರದು. ಮರೆತರೆ ಎರಡು ಸ್ಪೀಕರ್ ದಾಟಿದಂತಾಗಿ ದನಿ ಕಂಬಳಿ ಹೊದ್ದಂತೆ ಕೇಳಿಸುತ್ತದೆ.

ಮಿಕ್ಸರಿನ ಹೈ ನಾಬ್ ಇಳಿಸುವುದನ್ನು ಇದರ ಎದುರು ಇಟ್ಟು ನೋಡಿದರೆ ಅದು ಸೋಲುತ್ತದೆ. ಸಣ್ಣ ಮಿಕ್ಸರ್‌ಗಳಲ್ಲಿ ಆ ನಾಬ್ ಸಾಮಾನ್ಯವಾಗಿ 10,000 ಅಥವಾ 12,000 ಹರ್ಟ್ಸ್‌ನಿಂದ ಮೇಲಿನದನ್ನು ಹಿಡಿದಿರುತ್ತದೆ. ಕಿವಿಗೆ ಚುಚ್ಚುವುದು 3,000ದಿಂದ 5,000ದ ಜಾಗ. ಮಿಡ್‌ಗೆ ಫ್ರೀಕ್ವೆನ್ಸಿ ತಿರುಗಿಸುವ ನಾಬ್ ಇದ್ದರೆ ಅದನ್ನು 3,500ರ ಹತ್ತಿರ ತಂದು 3–4 ಡಿಬಿ ಇಳಿಸುವುದು ಎಷ್ಟೋ ಮೇಲು.

ಟೋನ್ ನಾಬ್ ಎದುರು ಸಣ್ಣ ಕೆಪ್ಯಾಸಿಟರ್

ಆಂಪ್‌ಗೆ ನುಡಿಸುವವರಿಗೆ ನಿಜವಾದ ಆಯ್ಕೆ ಇರುವುದು ಇಲ್ಲಿ. ಪಿಕಪ್ಪಿನ ಕಾಯಿಲ್ ಮತ್ತು ಕೇಬಲ್ಲಿನ ಕೆಪ್ಯಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಗುಣ) ಸೇರಿ ಒಂದು ಆವರ್ತನದಲ್ಲಿ ದನಿಯನ್ನು ಉಬ್ಬಿಸುತ್ತವೆ. ಗಿಟಾರ್ ಕೆಲಸದವರು ಇದನ್ನು ರೆಸೊನೆನ್ಸ್ ಪೀಕ್ ಎನ್ನುತ್ತಾರೆ. ಇಲ್ಲಿ ಉಬ್ಬು ಎನ್ನೋಣ. ಸ್ಟ್ರಾಟ್ ಪಿಕಪ್ಪಿನ ಇಂಡಕ್ಟೆನ್ಸ್ ಸುಮಾರು 2.4 ಹೆನ್ರಿ. ಕಾಯಿಲಿನದೇ 100 ಪಿಕೋಫ್ಯಾರಡ್, ಮೀಟರಿಗೆ 100ರಂತೆ 3 ಮೀಟರ್ ಕೇಬಲ್ಲಿನದು 300 ಎಂದು ಹಿಡಿದರೆ ಉಬ್ಬು ಸುಮಾರು 5,100 ಹರ್ಟ್ಸ್‌ನಲ್ಲಿ ಕೂರುತ್ತದೆ.

ಟೋನ್ ನಾಬನ್ನು 10ರಿಂದ 7ಕ್ಕೆ ತಂದಾಗ ಆ ಉಬ್ಬು ಕೆಳಗೆ ಜಾರುವುದಿಲ್ಲ, ಇದ್ದಲ್ಲೇ ಚಪ್ಪಟೆಯಾಗುತ್ತದೆ. ಮೊನಚಿನ ಜೊತೆಗೆ ಸ್ವರದ ಜೀವವೂ ಹೋಯಿತು ಎಂದು ಅನ್ನಿಸುವುದು ಇದರಿಂದಲೇ. ಇನ್ನೂ ಇಳಿಸಿ 0ಗೆ ತಂದರೆ 0.022 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಪೂರ್ತಿ ಸೇರಿಕೊಂಡು ಉಬ್ಬು 700 ಹರ್ಟ್ಸ್ ಆಸುಪಾಸಿಗೆ ಬೀಳುತ್ತದೆ. 0.047 ಇದ್ದರೆ 470ರ ಹತ್ತಿರಕ್ಕೆ. 5,100 ಮತ್ತು 700ರ ನಡುವಿನ ಜಾಗ, ಅಂದರೆ ನಮಗೆ ನಿಜವಾಗಿ ಬೇಕಾದದ್ದು, ನಾಬಿನಲ್ಲಿ ಸಿಗುವುದೇ ಇಲ್ಲ.

ಆ ಜಾಗಕ್ಕೆ ಸಣ್ಣ ಕೆಪ್ಯಾಸಿಟರ್ ಬೇಕು. ಸಿಗ್ನಲ್ ಮತ್ತು ಗ್ರೌಂಡ್ ನಡುವೆ 470 ಪಿಕೋಫ್ಯಾರಡ್ ಹಾಕಿದರೆ ಉಬ್ಬು ಸುಮಾರು 3,500ಕ್ಕೆ ಇಳಿಯುತ್ತದೆ, 1,000 ಹಾಕಿದರೆ 2,750ಕ್ಕೆ. ದನಿ ಸಾಯುವುದಿಲ್ಲ, ಬಣ್ಣ ಬದಲಾಗುತ್ತದೆ. 1,000 ಹಾಕಿದ ಬ್ರಿಡ್ಜ್ ಪಿಕಪ್ ತುಂಬಿಕೊಂಡು, ಹೆಚ್ಚು ಸುತ್ತಿನ ದಪ್ಪ ಪಿಕಪ್ಪಿನಂತೆ ನುಡಿಯುತ್ತದೆ. ಹಳೆಯ ಚಿತ್ರಗೀತೆಗಳ ಸೋಲೋಗೆ ಚೆನ್ನಾಗಿ ಹೊಂದುತ್ತದೆ.

ಆದರೆ 470 ಒಂದನ್ನೇ ಹಾಕಿದವರು ‘ಇನ್ನೂ ಜಾಸ್ತಿ ಕಚ್ಚುತ್ತಿದೆ’ ಎಂದರೆ ಅದೂ ನಿಜವೇ. ಕೆಪ್ಯಾಸಿಟೆನ್ಸ್ ಹೆಚ್ಚಿದಾಗ ಉಬ್ಬು ಕೆಳಗೆ ಬರುವುದರ ಜೊತೆಗೆ ಎತ್ತರವೂ ಆಗುತ್ತದೆ, ಮತ್ತು 3,500 ಹರ್ಟ್ಸ್ ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವ ಜಾಗ. ಗಾಜಿನಂಥ ಸದ್ದು ಹೋಗಿ ಹಲ್ಲು ಕಚ್ಚುವ ಸದ್ದು ಬರುತ್ತದೆ. ಇದಕ್ಕೆ ಪರಿಹಾರ, ಕೆಪ್ಯಾಸಿಟರಿನ ಪಕ್ಕದಲ್ಲೇ, ಅದರಂತೆಯೇ ಸಿಗ್ನಲ್ ಮತ್ತು ಗ್ರೌಂಡ್ ನಡುವೆ, ಒಂದು 220 ಕೆ ರೆಸಿಸ್ಟರ್. ಅದರ ಬಣ್ಣದ ಪಟ್ಟಿ ಕೆಂಪು, ಕೆಂಪು, ಹಳದಿ. ಪಾಟ್‌ಗಳು ಮತ್ತು ಆಂಪಿನ ಹೊರೆ ಸೇರಿ ಮೊದಲು ಸುಮಾರು 111 ಕೆ ಇದ್ದದ್ದು ಈಗ 74 ಕೆ ಆಗಿ, ಉಬ್ಬಿನ ಎತ್ತರ ಹೆಚ್ಚುಕಡಿಮೆ ಮೊದಲಿನಷ್ಟಕ್ಕೇ ಬಂದು ನಿಲ್ಲುತ್ತದೆ. ಈ ಹೋಲಿಕೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಈ ಜೋಡಿಯೇ: 470 ಪಿಕೋಫ್ಯಾರಡ್ ಮತ್ತು 220 ಕೆ. ಪಿಕಪ್ ಬದಲಿಸುವ ಖರ್ಚಿನ ಎದುರು ಇವೆರಡರ ಬೆಲೆ ಲೆಕ್ಕಕ್ಕೇ ಬಾರದು. ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿದರೆ ಸಿಗುತ್ತವೆ. ಕೆಪ್ಯಾಸಿಟರಿನ ಮೈಮೇಲೆ 471 ಎಂದಿದ್ದರೆ 470 ಪಿಕೋಫ್ಯಾರಡ್, 102 ಎಂದಿದ್ದರೆ 1,000. 50 ವೋಲ್ಟಿನದು ಸಾಕು. ಬೆಲೆಬಾಳುವ ಎಣ್ಣೆ-ಕಾಗದದ ಕೆಪ್ಯಾಸಿಟರಿಗೂ ಇದಕ್ಕೂ ಅಳತೆ ಒಂದೇ ಇದ್ದರೆ ಹಣ ಹೆಚ್ಚು ಕೊಡಲು ಕಾರಣವಿಲ್ಲ.

ಬೆಸುಗೆ ಹಾಕುವ ಮೊದಲು ಕೇಳಿ ನೋಡುವ ದಾರಿ ಇದೆ. ಜಾಕ್ ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿ, ಜಾಕಿನ ಎರಡು ಕಾಲುಗಳ ನಡುವೆ ಕ್ರೊಕೊಡೈಲ್ ಕ್ಲಿಪ್ಪಿನಲ್ಲಿ ಒಂದೊಂದೇ ಕೆಪ್ಯಾಸಿಟರ್ ಸಿಕ್ಕಿಸಿ ನುಡಿಸಿ. ಕ್ಲಿಪ್ಪುಗಳು ಒಂದಕ್ಕೊಂದು ತಾಗಿದರೆ ಸದ್ದು ಪೂರ್ತಿ ನಿಲ್ಲುತ್ತದೆ, ಗಾಬರಿ ಬೇಡ. ಯಾವುದು ಸರಿ ಎಂದು ಗೊತ್ತಾದ ಮೇಲೆ ತಂತಿ ಸಡಿಲಿಸಿ, ಪಿಕ್‌ಗಾರ್ಡ್ ಎತ್ತಿ, ವಾಲ್ಯೂಮ್ ಪಾಟಿನಲ್ಲಿ ಸ್ವಿಚ್ಚಿನಿಂದ ಬರುವ ವೈರ್ ಕೂತ ಕಾಲಿಗೆ ಒಂದು ತುದಿ, ಗ್ರೌಂಡ್ ಆದ ಕಾಲಿಗೆ ಇನ್ನೊಂದು ತುದಿ ಬೆಸೆಯಿರಿ. ಜಾಕಿನ ಮೇಲೇ ಬಿಟ್ಟರೆ ವಾಲ್ಯೂಮ್ ಇಳಿಸಿದಾಗ ದನಿ ಬೇಗ ಮಸುಕಾಗುತ್ತದೆ, ಪಾಟಿನ ರೆಸಿಸ್ಟೆನ್ಸ್ ಕೆಪ್ಯಾಸಿಟರಿನ ಮುಂದೆ ಸೇರಿಕೊಳ್ಳುವುದರಿಂದ. ಬ್ರಿಡ್ಜ್ ಪಿಕಪ್ ಒಂದಕ್ಕೇ ಬೇಕಿದ್ದರೆ ಸ್ವಿಚ್ಚಿನಲ್ಲಿ ಆ ಪಿಕಪ್ಪಿನ ವೈರ್ ಬರುವ ಕಾಲಿನಿಂದ ಗ್ರೌಂಡಿಗೆ ಹಾಕಿ. ನೆಕ್ ಪಿಕಪ್ಪಿನ ತಿಳಿಯಾದ ದನಿ ಹಾಗೇ ಉಳಿಯುತ್ತದೆ.

ಇಲ್ಲಿ ಪದೇ ಪದೇ ಆಗುವ ತಪ್ಪು ಒಂದಿದೆ. ಗ್ರೌಂಡಿನ ಬದಲು ವಾಲ್ಯೂಮ್ ಪಾಟಿನ ಒಳ ಬರುವ ಮತ್ತು ಹೊರ ಹೋಗುವ ಕಾಲುಗಳ ನಡುವೆ ಬೆಸೆದರೆ ಅದು ಟ್ರೆಬಲ್ ಬ್ಲೀಡ್ (ವಾಲ್ಯೂಮ್ ಇಳಿಸಿದಾಗಲೂ ಮೇಲಿನ ಸ್ವರಗಳನ್ನು ಹಾಗೇ ಹಾಯಿಸುವ ಜೋಡಣೆ) ಆಗುತ್ತದೆ. ವಾಲ್ಯೂಮ್ 10ರಲ್ಲಿ ಏನೂ ಗೊತ್ತಾಗುವುದಿಲ್ಲ, 6ಕ್ಕೆ ಇಳಿಸಿದರೆ ಮೊನಚು ಮೊದಲಿಗಿಂತ ಜಾಸ್ತಿ. ನಿಮ್ಮ ಗಿಟಾರ್ ವಾಲ್ಯೂಮ್ ಇಳಿಸಿದಾಗ ಮಾತ್ರ ಕಿರಿಚುತ್ತಿದ್ದರೆ, ತಯಾರಕರೇ ಹಾಕಿದ ಇಂಥದ್ದೊಂದು ಅಲ್ಲಿ ಕೂತಿರಬಹುದು. ಅದರ ಒಂದು ಕಾಲು ಬಿಡಿಸಿದರೆ ಸಾಕು.

ಬೆಸುಗೆ ಬೇಡ, ನಾಬೇ ಸಾಕು ಎನ್ನುವವರು ಮೊದಲು ತಮ್ಮ ಬ್ರಿಡ್ಜ್ ಪಿಕಪ್ಪಿಗೆ ಟೋನ್ ನಾಬ್ ಇದೆಯೇ ಎಂದು ತಿರುಗಿಸಿ ನೋಡಲಿ. 1954ರ ಮೂಲ ಸ್ಟ್ರಾಟ್‌ನಲ್ಲಿ ನೆಕ್ ಮತ್ತು ಮಧ್ಯದ ಪಿಕಪ್ಪಿಗೆ ಮಾತ್ರ ಟೋನ್ ಇತ್ತು. ಇಂದಿಗೂ ಅದೇ ವೈರಿಂಗಿನ ಗಿಟಾರ್‌ಗಳು ಬರುತ್ತವೆ. ಸ್ವಿಚ್ಚಿನ ಟೋನ್ ಬದಿಯಲ್ಲಿ ಮಧ್ಯದ ಕಾಲಿನಿಂದ ಬ್ರಿಡ್ಜ್ ಕಾಲಿಗೆ ಅರ್ಧ ಇಂಚಿನ ಒಂದು ವೈರ್ ತುಂಡು ಬೆಸೆದರೆ ಎರಡನೆಯ ಟೋನ್ ನಾಬ್ ಎರಡಕ್ಕೂ ಕೆಲಸ ಮಾಡುತ್ತದೆ. ಅಲ್ಲೇ ಟೋನ್ ಕೆಪ್ಯಾಸಿಟರನ್ನೂ 0.0047ಕ್ಕೆ ಬದಲಿಸುವುದು ಒಳ್ಳೆಯದು, ಅದರ ಮೇಲೆ 472 ಎಂದಿರುತ್ತದೆ. ಆಗ ನಾಬ್ 0ಗೆ ಬಂದರೂ ಉಬ್ಬು 1,400 ಹರ್ಟ್ಸ್ ಹತ್ತಿರವೇ ನಿಲ್ಲುತ್ತದೆ. ಸ್ವಲ್ಪ ಮೂಗಿನ ದನಿ ಬರುತ್ತದೆ, ಆದರೆ ನಾಬಿನ ಇಡೀ ಓಟ ಉಪಯೋಗಕ್ಕೆ ಬರುತ್ತದೆ.

ಪಾಟಿನ ಅಳತೆಯನ್ನೂ ಹಾಗೇ ಓದಿಕೊಳ್ಳಿ. ಹಿಂಬದಿಯಲ್ಲಿ 500 ಕೆ ಎಂದಿದ್ದು ಪಿಕಪ್ ಸಿಂಗಲ್ ಕಾಯಿಲ್ ಆಗಿದ್ದರೆ ಚುಚ್ಚುವುದು ಸಹಜ. ವಾಲ್ಯೂಮ್ ಪಾಟಿನ ಒಳ ಬರುವ ಕಾಲಿನಿಂದ ಗ್ರೌಂಡಿಗೆ 470 ಕೆ ರೆಸಿಸ್ಟರ್ ಹಾಕಿದರೆ ಅದು 242 ಕೆ ಪಾಟಿನಷ್ಟೇ ಹೊರೆ ಕೊಡುತ್ತದೆ.

ಉದ್ದ ಕೇಬಲ್, ವೈರ್‌ಲೆಸ್, ಬಫರ್

6 ಮೀಟರ್ ಕೇಬಲ್ ಹಾಕಿದರೆ ಲೆಕ್ಕದ ಪ್ರಕಾರ ಉಬ್ಬು 3,900ರ ಹತ್ತಿರ ಬರುತ್ತದೆ. ಅಂದರೆ 300 ಪಿಕೋಫ್ಯಾರಡ್ ಕೆಪ್ಯಾಸಿಟರ್ ಮಾಡುವ ಕೆಲಸವೇ. ಬೆಸುಗೆ ಬಾರದವರಿಗೆ ಇದು ಸುಲಭದ ದಾರಿ. ಆದರೆ ವೇದಿಕೆಯಲ್ಲಿ ಕಾಲಿಗೆ ತೊಡರುತ್ತದೆ, ಮತ್ತು ಮೊದಲ ಪೆಡಲ್ಲಿಗೆ ಬಫರ್ (ಮುಂದಿನ ಕೇಬಲ್ಲಿನ ಹೊರೆ ಪಿಕಪ್ಪಿಗೆ ತಾಗದಂತೆ ತಡೆಯುವ ಸರ್ಕ್ಯೂಟ್) ಇದ್ದರೆ ಅಲ್ಲಿಯವರೆಗಿನ ಕೇಬಲ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಬಾಸ್ ಕಂಪನಿಯ ಸಣ್ಣ ಪೆಡಲ್‌ಗಳು ಆಫ್ ಇದ್ದಾಗಲೂ ಬಫರ್ ಮೂಲಕವೇ ಹಾಯಿಸುತ್ತವೆ. ಅದರಾಚೆ ಎಷ್ಟು ಉದ್ದದ ಕೇಬಲ್ ಹಾಕಿದರೂ ಈ ಉಬ್ಬು ಅಲುಗುವುದಿಲ್ಲ.

ವೈರ್‌ಲೆಸ್ ಕೊಂಡ ಮೇಲೆ ಗಿಟಾರ್ ಕೆಟ್ಟಿತು ಎನ್ನುವವರ ಕಾಯಿಲೆಯೂ ಇದೇ. ಟ್ರಾನ್ಸ್‌ಮಿಟರ್ ನೇರ ಜಾಕಿಗೆ ಕೂತಾಗ ಕೇಬಲ್ಲೇ ಇಲ್ಲ, ಉಬ್ಬು 8,000–10,000ಕ್ಕೆ ಹಾರುತ್ತದೆ. ಅವರಿಗೆ 470ರ ಕೆಪ್ಯಾಸಿಟರ್ ಹೇಳಿ ಮಾಡಿಸಿದ್ದು, 220 ಕೆ ರೆಸಿಸ್ಟರ್ ಇಲ್ಲದೆಯೂ ನಡೆಯುತ್ತದೆ. ಉಬ್ಬು 4,300ರ ಬಳಿ ಬಂದು ಮಾಮೂಲಿ ಕೇಬಲ್ ಹಾಕಿದಂತಾಗುತ್ತದೆ. ಬ್ಯಾಟರಿ ಇರುವ ಆಕ್ಟಿವ್ ಪಿಕಪ್‌ಗಳಿಗೆ ಮಾತ್ರ ಈ ಕೆಪ್ಯಾಸಿಟರ್ ಉಪಾಯ ಯಾವುದೂ ತಾಗುವುದಿಲ್ಲ.

ಇಕ್ಯೂ ಪೆಡಲ್

ಎರಡು ಮೂರು ಗಿಟಾರ್ ಬದಲಿಸುವವರಿಗೆ, ಒಂದೊಂದು ಆವರ್ತನವನ್ನೂ ಬೇರೆಯಾಗಿ ಏರಿಸಿ ಇಳಿಸುವ ಇದೇ ಮೇಲು. ಬಾಸ್ ಜಿಇ-7ರಲ್ಲಿ 100ರಿಂದ 6,400 ಹರ್ಟ್ಸ್‌ವರೆಗೆ ಏಳು ಪಟ್ಟಿಗಳಿವೆ. 3,200ನ್ನು 3–4 ಡಿಬಿ, 6,400ನ್ನು 6 ಡಿಬಿ ಇಳಿಸಿ, ದನಿ ಹಿಂದೆ ಸರಿದಂತೆ ಕಂಡರೆ 800ನ್ನು 2 ಡಿಬಿ ಏರಿಸಿ. ಡಿಸ್ಟಾರ್ಷನ್ ಬಳಸುವಾಗ ಜಾಗ ಮುಖ್ಯ. ಇಕ್ಯೂವನ್ನು ಅದಕ್ಕಿಂತ ಮೊದಲು ಇಟ್ಟರೆ ಡಿಸ್ಟಾರ್ಷನ್‌ನ ಸ್ವಭಾವವೇ ಮೃದುವಾಗುತ್ತದೆ, ಅದರ ನಂತರ ಇಟ್ಟರೆ ಮೇಲಿನ ಚುರುಚುರು ಮಾತ್ರ ಹೋಗುತ್ತದೆ. ಬೇಡವೆಂದಾಗ ಕಾಲಿನಲ್ಲಿ ತುಳಿದು ಆಫ್ ಮಾಡಬಹುದು ಎಂಬ ಅನುಕೂಲ ಬೆಸೆದ ಕೆಪ್ಯಾಸಿಟರಿಗಿಲ್ಲ. ಆದರೆ ಒಂದೇ ಗಿಟಾರ್ ಇರುವವರು ಇಷ್ಟಕ್ಕಾಗಿ ಪೆಡಲ್ ಕೊಳ್ಳಬೇಕಿಲ್ಲ.

ಖರ್ಚಿಲ್ಲದವು

ಬ್ರಿಡ್ಜ್ ಪಿಕಪ್ಪನ್ನು ತಗ್ಗಿಸುವುದು ಸಣ್ಣ ಆದರೆ ನಿಜವಾದ ಪರಿಣಾಮ ಕೊಡುತ್ತದೆ. ಕೊನೆಯ ಫ್ರೆಟ್ ಒತ್ತಿ ಹಿಡಿದು ತಂತಿಯ ಕೆಳಬದಿಯಿಂದ ಪಿಕಪ್ಪಿನ ಆಯಸ್ಕಾಂತದ ತುದಿ, ಅಂದರೆ ಪೋಲ್‌ವರೆಗೆ ಅಳೆಯಿರಿ. ಫೆಂಡರ್ ಹಳೆಯ ಮಾದರಿಯ ಸಿಂಗಲ್ ಕಾಯಿಲ್‌ಗೆ ಹೇಳುವ ಅಳತೆ ದಪ್ಪ ತಂತಿಯ ಕಡೆ 2.4 ಮಿಲಿಮೀಟರ್, ತೆಳು ತಂತಿಯ ಕಡೆ 2. ತೆಳು ಬದಿಯನ್ನು 2.4ಕ್ಕೆ ಇಳಿಸಿದರೆ ಮೀಟಿನ ಮೊದಲ ಏಟು ಮೃದುವಾಗುತ್ತದೆ. 3 ದಾಟಿದರೆ ನೆಕ್ ಪಿಕಪ್ಪಿನ ಎದುರು ಬ್ರಿಡ್ಜ್ ಬಡವಾಗುತ್ತದೆ.

ತೆಳುವಾದ, ಚೂಪು ತುದಿಯ ಪ್ಲೆಕ್ಟ್ರಮ್ ಬಿಟ್ಟು 1 ಮಿಲಿಮೀಟರ್ ದಪ್ಪದ್ದನ್ನು ಅದರ ದುಂಡು ಮೂಲೆಯಲ್ಲಿ ಹಿಡಿದರೆ ಟಿಕ್ ಟಿಕ್ ಸದ್ದು ಹೋಗುತ್ತದೆ. ಶುದ್ಧ ನಿಕ್ಕಲ್ ತಂತಿ ನಿಕ್ಕಲ್ ಲೇಪಿತ ಉಕ್ಕಿಗಿಂತ ಸ್ವಲ್ಪ ಬೆಚ್ಚಗಿನ ದನಿ ಕೊಡುತ್ತದೆ, ಆದರೆ ವ್ಯತ್ಯಾಸ ಕೆಪ್ಯಾಸಿಟರಿನಷ್ಟಿಲ್ಲ. ತಂತಿ ಬದಲಿಸಿದ ದಿನವೇ ಯಾವ ತೀರ್ಮಾನವೂ ಬೇಡ. ಮಲೆನಾಡಿನ ಮಳೆಗಾಲದ ತೇವದಲ್ಲಿ ಹೊಸ ತಂತಿಯ ಹೊಳಪು ಬಲುಬೇಗ ಇಳಿಯುತ್ತದೆ. ಜುಲೈನಲ್ಲಿ ಮಂಕಾದ ತಂತಿಯಲ್ಲಿ ಕೂರಿಸಿದ ದನಿ ಹೊಸ ಸೆಟ್ ಹಾಕಿದ ದಿನ ಮತ್ತೆ ಚುಚ್ಚುತ್ತದೆ.

ಆಂಪ್ ಇಡುವ ರೀತಿಯನ್ನೂ ನೋಡಬೇಕು. 12 ಇಂಚಿನ ಸ್ಪೀಕರ್ ಮೇಲಿನ ಸ್ವರಗಳನ್ನು ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಎಸೆಯುತ್ತದೆ. ನೆಲದ ಮೇಲಿಟ್ಟರೆ ಅದು ನುಡಿಸುವವರ ಮೊಣಕಾಲಿಗೆ ಹೊಡೆಯುತ್ತದೆ, ಅವರು ಕೇಳಿಸದೆಂದು ಟ್ರೆಬಲ್ ಏರಿಸುತ್ತಾರೆ, ಎದುರಿಗೆ ಕೂತವರ ಕಿವಿ ತೂತಾಗುತ್ತದೆ. ಆಂಪನ್ನು ಹಿಂದಕ್ಕೆ ಓರೆಯಾಗಿಸಿ ನಿಮ್ಮ ಕಿವಿಗೇ ಗುರಿ ಇಟ್ಟು, ಬ್ರೈಟ್ ಸ್ವಿಚ್ ಆಫ್ ಮಾಡಿ, ಆಮೇಲೆ ಟ್ರೆಬಲ್, ಪ್ರೆಸೆನ್ಸ್ ಮುಟ್ಟಿ. ಹಾಗೆ ಹೊಂದಿಸಿದ್ದೂ ಖಾಲಿ ಸಭಾಂಗಣದ್ದಾದರೆ ಅಂತಿಮವಲ್ಲ. ಜನ ತುಂಬಿದ ಮೇಲೆ ಬಟ್ಟೆಬರೆಗಳೇ ಮೇಲಿನ ಸ್ವರಗಳನ್ನು ಹೀರಿಕೊಳ್ಳುತ್ತವೆ. ಹಾಗಾಗಿ ಸಂಜೆ ನಾಲ್ಕರ ಸೌಂಡ್ ಚೆಕ್‌ನಲ್ಲಿ ಟೋನ್ ನಾಬನ್ನು 8ರಲ್ಲಿಟ್ಟು ದನಿ ಕೂರಿಸಿಕೊಳ್ಳಿ, ರಾತ್ರಿಗೆ ಮೇಲೆ ತಿರುಗಿಸಲು ಎರಡು ಗೆರೆ ಉಳಿದಿರುತ್ತದೆ.